ಓಣಿಗೊಂದೇ ಬೇಸಿನ್ನು

ಅನಗೋಳದ ನಮ್ಮ ಓಣಿಯಲ್ಲಿ ಹೊಸ ಮನೆ ಕಟ್ಟಿದವರಿಗೆಲ್ಲ ಸೇರಿ ಒಂದೇ ಪಾಯಖಾನೆ ಬೇಸಿನ್ನಿತ್ತು. ಅದೂ ಒಂದು ಕಡೆ ಕೂತದ್ದಲ್ಲ, ಸೈಕಲ್ಲಿನ ಮೇಲೆ ಓಡಾಡುತ್ತಿತ್ತು. ಯಾರ ಮನೆಗೆ ಓವರ್‌ಸಿಯರ್ ತಪಾಸಣೆಗೆ ಬರುತ್ತಾನೋ ಅವರ ಮನೆಗೆ ಹಿಂದಿನ ದಿನ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ಇಳಿಯುತ್ತಿತ್ತು. ನಕ್ಷೆಯಲ್ಲಿ ಪಾಯಖಾನೆ ಎಂದು ಬರೆದ ಕೋಣೆಯಲ್ಲಿ ಒಂದಿಷ್ಟು ಉಸುಕು ಸುರಿದು, ಅದರ ಮೇಲೆ ಬೇಸಿನ್ನು ಕೂರಿಸಿ, ಸುತ್ತಲೂ ಸಿಮೆಂಟಿನ ತೆಳುನೀರು ಬಳಿದರೆ ಆಯಿತು. ಓವರ್‌ಸಿಯರ್ ಬಂದು ಇಣುಕಿ ನೋಡಿ, ಚಹಾ ಕುಡಿದು, ಸಹಿ ಮಾಡಿ ಹೋದ ಮೇಲೆ ಬೇಸಿನ್ನು ಮತ್ತೆ ಚೀಲ ಸೇರಿ ಮುಂದಿನ ಮನೆಗೆ ಹೊರಡುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಡೆ ಚಕ್ಕೆ ಹಾರಿತ್ತು.

ಇದನ್ನು ಹೇಳಿದರೆ ಜನ ನಗುತ್ತಾರೆ. ನನಗೆ ಈಗಲೂ ಮೈ ಉರಿಯುತ್ತದೆ. ಯಾಕೆಂದರೆ ಆ ಬೇಸಿನ್ನಿನ ದೆಸೆಯಿಂದ ನಮ್ಮ ಮನೆಯವರು ಬಾಜೂ ಮನೆಯ ಒಬ್ಬ ಹೆಂಗಸನ್ನು ವರ್ಷಗಟ್ಟಲೆ ಚಾಡಿಖೋರಿ ಎಂದು ಬೈದರು. ನಮ್ಮ ಮನೆತನಕ್ಕೆ ಸಂಶಯದ ರೋಗ ಮೊದಲಿನಿಂದಲೂ ಇದೆ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ನಿನ್ನೆ ಬೆರೆಸಿದ್ದು ನೆನಪಾಗಿದೆ, ಹೀಗೆ ಯೋಚಿಸುವವರು ನಾವು. ನಾನೂ ಅದೇ ರಕ್ತದವಳು, ಸುಳ್ಳೇಕೆ ಹೇಳಲಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಕಾಲೇಜಿಗೆ ಹೋಗುತ್ತಿದ್ದೆ. ಅನಗೋಳ ಒಂದು ಕಾಲಕ್ಕೆ ಹಳ್ಳಿ, ನಾವು ದೊಡ್ಡವರಾಗುವ ಹೊತ್ತಿಗೆ ಬೆಳಗಾವಿಯ ಹೊಟ್ಟೆಯೊಳಗೆ ಹೋಗಿತ್ತು. ಹಿಂದೆ ನಮ್ಮಲ್ಲಿ ಮನೆ ಕಟ್ಟುವುದಕ್ಕೆ ಯಾವ ಕಚೇರಿಯನ್ನೂ ಕೇಳಬೇಕಾಗಿರಲಿಲ್ಲ. ಎಡಬಲದ ಮನೆಯವರನ್ನು ಕರೆದು, ಹಗ್ಗ ಹಿಡಿದು, "ಇಲ್ಲಿಗೆ ಸರಿ ಐತೇನ್ರಿ?" ಎಂದು ಕೇಳುವುದು, ಅವರು ಒಂದಿಷ್ಟು ಕೊಸರಾಡಿ ಆಮೇಲೆ ಹೂಂ ಅನ್ನುವುದು, ಎಲ್ಲರೂ ಬೆಲ್ಲ ಕೊಬ್ಬರಿ ತಿಂದು ಕೈ ಒರೆಸಿಕೊಳ್ಳುವುದು. ಅದೇ ಕಾನೂನು, ಅದೇ ಕರಾರು. ಊರು ಪಟ್ಟಣದೊಳಗೆ ಸೇರಿದ ಮೇಲೆ ನಿಯಮಗಳು ಬಂದವು.

ಬಂದದ್ದು ಹೇಗೆ ಎನ್ನುತ್ತೀರಿ? ಒಂದು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಗಂಡಸರನ್ನು ಕೂರಿಸಿ ಕಚೇರಿಯವರು ಓದಿ ಹೇಳಿ ಹೋದರು. ಮನೆಯ ಸುತ್ತ ಇಷ್ಟು ಜಾಗ ಬಿಡಬೇಕು, ಅಡಿಗೆಮನೆಗೆ ಕಿಟಕಿ ಇರಬೇಕು, ಹೊಸದಾಗಿ ಕಟ್ಟುವ ಪ್ರತಿ ಮನೆಗೂ ಪಾಯಖಾನೆ ಬೇಕೇ ಬೇಕು, ಅದರ ಗುಂಡಿ ಬಾವಿಯಿಂದ ದೂರವಿರಬೇಕು. ಇದೆಲ್ಲ ಆಗಿದೆ ಎಂದು ಓವರ್‌ಸಿಯರ್ ಸಹಿ ಮಾಡಿದರೆ ಮಾತ್ರ ನಳದ ನೀರು. ಗಂಡಸರು ಓಣಿಯ ಅಗಲದ ಬಗ್ಗೆ, ಕಟ್ಟೆಯ ಬಗ್ಗೆ, ಸುತ್ತ ಬಿಡುವ ಜಾಗದ ಬಗ್ಗೆ ಗಂಟಲು ಹರಿಯುವಂತೆ ಜಗಳಾಡಿದರಂತೆ. ಪಾಯಖಾನೆಯ ಬಗ್ಗೆ ಒಬ್ಬನೂ ತುಟಿ ಎರಡು ಮಾಡಲಿಲ್ಲ. ಹೆಂಗಸರನ್ನು ಯಾರೂ ಕರೆದೇ ಇರಲಿಲ್ಲ.

ಅಪ್ಪ ಖಡೇಬಜಾರಿನಲ್ಲಿ ಹಗ್ಗ, ನುಲಿ, ಗೋಣಿಯ ಸಣ್ಣ ಅಂಗಡಿ ಇಟ್ಟಿದ್ದ. ಅಂದು ಸಂಜೆ ಊಟಕ್ಕೆ ಕೂತು ನಿಯಮಗಳನ್ನು ಒಂದೊಂದಾಗಿ ಹೇಳಿ ಗೇಲಿ ಮಾಡಿದ. ಪಾಯಖಾನೆಯ ಮಾತು ಬಂದಾಗ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಹೊಸಾ ಮನಿ ಕಟ್ಟಿದ್ರ ಕಟ್ಟಸಬೇಕಾ? ಖರೇನಽ?" ಎಂದು ಕೇಳಿದಳು. ಅವ್ವ ಗಂಡಸರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಯಾಕೆ ಕೇಳಿದಳೆಂದು ನನಗೆ ಗೊತ್ತಿತ್ತು. ಅವ್ವ ನಂದಗಡದವಳು. ಅಲ್ಲಿ ಗುಡ್ಡ, ಹೊಲ, ಮರೆ ಎಲ್ಲವೂ ಇತ್ತು. ಅನಗೋಳದಲ್ಲೂ ಮೊದಲು ಹಿತ್ತಿಲು ದಾಟಿದರೆ ಭತ್ತದ ಗದ್ದೆ, ಆಚೆ ಬೇಲಿ. ಬರಬರುತ್ತ ಗದ್ದೆಗಳು ಪ್ಲಾಟುಗಳಾದವು. ಬೇಲಿ ಹೋಗಿ ಕಲ್ಲು ನೆಟ್ಟರು, ಕಲ್ಲಿನ ಮಧ್ಯೆ ಮನೆ ಎದ್ದವು, ಮನೆ ಕಾಯುವವರು ಬಂದರು, ಬೆಳಕು ಹರಿಯುವ ಮೊದಲೇ ಗಾರೆ ಕೆಲಸದ ಗೌಂಡಿಗಳು ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು. ಹೆಂಗಸರು ಚೆಂಬು ಹಿಡಿದು ದಿನಕ್ಕಿಷ್ಟು ದೂರ ಸರಿಯುತ್ತ ಹೋದರು. ಅವ್ವ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ರಾತ್ರಿ ಊಟ ಅರ್ಧಕ್ಕೆ ಇಳಿಸಿದಳು. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದಳು. ಒಂದು ಸಲ ಗೌಂಡಿಯೊಬ್ಬ ಟಾರ್ಚು ಬಿಟ್ಟನಂತೆ. ಮನೆಗೆ ಬಂದು ಬಚ್ಚಲಲ್ಲಿ ನಿಂತು ಅತ್ತಳು, ಯಾಕೆ ಎಂದು ಕೇಳಿದ್ದಕ್ಕೆ ಹೊಗೆ ಎಂದಳು. ಒಲೆ ಹಚ್ಚಿರಲೇ ಇಲ್ಲ. ಒಂದು ಬಾಗಿಲು, ಒಂದು ಚಿಲಕ, ಅಷ್ಟು ಸಾಕಾಗಿತ್ತು ಅವಳಿಗೆ. ನನಗೂ.

ನಮ್ಮ ಹಳೆಯ ಮಣ್ಣಿನ ಮನೆಯ ಒಂದು ಬದಿ ಮಳೆಗೆ ಕುಸಿದಿತ್ತು, ಹೊಸದು ಕಟ್ಟದೆ ಗತಿ ಇರಲಿಲ್ಲ. ನಕ್ಷೆ ಬರೆಸಲು ಅಪ್ಪ ಕಚೇರಿಯ ಎದುರಿನ ಮರದ ಕೆಳಗೆ ಕೂರುತ್ತಿದ್ದ ನಕ್ಷೆಯವನ ಬಳಿ ಹೋದ. ಆ ಮನುಷ್ಯನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗಲಿಲ್ಲ. ಕಣ್ಣು ಒಂದು ಕಡೆ, ಮಾತು ಒಂದು ಕಡೆ. ಎಲ್ಲರಿಗೂ ಒಂದೇ ನಕ್ಷೆ, ಉದ್ದಗಲ ಮಾತ್ರ ಬೇರೆ. ಬಾವಿ ಎಲ್ಲಿದೆ ಎಂದು ಕೇಳಿ, ಅದರಿಂದ ಎಲ್ಲಕ್ಕಿಂತ ದೂರವಿದ್ದ ಮೂಲೆಯಲ್ಲಿ ಪಾಯಖಾನೆ ಬರೆದುಕೊಟ್ಟ. ನಮ್ಮ ದುರ್ದೈವಕ್ಕೆ ಅದು ಈಶಾನ್ಯ ಮೂಲೆ.

ನಮ್ಮ ಮನೆಯ ಯಜಮಾನಿಕೆ ಆಯಿಯದು, ಅಂದರೆ ಅಪ್ಪನ ತಾಯಿಯದು. ನಕ್ಷೆ ನೋಡಿ ಆಯಿ ಕಿಡಿಕಿಡಿಯಾದಳು. "ಈಶಾನ್ಯ ಅಂದ್ರ ದೇವರ ಮೂಲಿ. ಅಲ್ಲಿ ನನ್ನ ದೇವರ ಜಗಲಿ ಇಡಬೇಕು. ಅಲ್ಲಿ ಸಂಡಾಸ ಬರದಾನಲ್ಲೋ, ಅವನ ಕೈ ಸೇದಿ ಹೋಗಲಿ! ಲಿಂಗ ಕಟ್ಟಿಕೊಂಡ ಮೈ ನಂದು. ಒಂದಽ ಮಾಳಿಗಿ ಕೆಳಗ ಪೂಜಿನೂ ಅದೂ ಕೂಡಿ ಮಾಡಂತೀಯೇನು?"

"ಬ್ಯಾರೆ ಮೂಲ್ಯಾಗ ಮಾಡಿಸಿದ್ರಾತು," ಎಂದೆ ನಾನು.

"ಬ್ಯಾರೆ ಮೂಲಿ ಬಾವಿಗೆ ಹತ್ರ ಆಕ್ಕಾವಂತ. ಕಾಯ್ದೆ ಒಪ್ಪೂದಿಲ್ಲ," ಎಂದ ಅಪ್ಪ.

"ಹಂಗಾರ ಬ್ಯಾಡಽ ಬ್ಯಾಡ," ಎಂದು ಆಯಿ ತೀರ್ಮಾನ ಕೊಟ್ಟಳು. "ನಮ್ಮ ಮಂದಿ ಹೊರಗ ಹೋಗೇ ಸತ್ತಾರು, ಹೊರಗ ಹೋಗೇ ಬದಕ್ಯಾರು."

ನನಗೆ ತಡೆಯಲಾಗಲಿಲ್ಲ. "ಹೊರಗ ಎಲ್ಲೈತಿ ಆಯಿ? ಎಲ್ಲಾ ಪ್ಲಾಟ ಆಗೇತಿ. ನೀ ಮುದುಕಿ, ನಿನ್ನ ಯಾರೂ ನೋಡೂದಿಲ್ಲ, ನಮ್ಮನ್ನ ನೋಡ್ತಾರ!" ಎಂದು ಕೂಗಿದೆ. ಆಯಿ ಕಿವಿ ಮುಚ್ಚಿಕೊಂಡಳು. ಅಪ್ಪ ನನ್ನತ್ತ ಕಣ್ಣು ಬಿಟ್ಟ. ಅವ್ವ ಒಂದು ಮಾತೂ ಆಡದೆ ಒಳಗೆ ಹೋದಳು. ನನ್ನ ಸಿಟ್ಟು ಆಯಿಗಿಂತ ಅವ್ವನ ಮೇಲೆ ಹೆಚ್ಚಾಯಿತು. ಬೇಕಾದದ್ದು ಅವಳಿಗೆ, ಬಾಯಿ ಹೊಲಿದುಕೊಂಡವಳೂ ಅವಳೇ.

ನಕ್ಷೆಯವನು ದಾರಿ ತೋರಿಸಿದ. "ಕಾಗದದಾಗ ಸಂಡಾಸ ಇರ್ಲಿ, ಮನ್ಯಾಗ ದೇವರ ಇರ್ಲಿ. ತಪಾಸಣಿ ದಿವಸ ನನ್ನ ಕಡೆ ಬೇಸಿನ್ ಐತಿ, ಕಳಸ್ತೀನಿ. ಯಾರೂ ಕೆಳಗ ಬಗ್ಗಿ ನೋಡೂದಿಲ್ಲರಿ," ಎಂದ. ಅಪ್ಪನ ಮುಖ ಅರಳಿತು. ನಳವೂ ಬಂತು, ಅವ್ವನ ಮಾತೂ ಉಳಿಯಿತು ಎಂದ. ಅವನು ಅವ್ವ ಅಂದದ್ದು ಅವನ ಅವ್ವನನ್ನು.

ಮನೆ ಎದ್ದಿತು. ಬುನಾದಿಯ ಹೊತ್ತಿಗೆ ಓವರ್‌ಸಿಯರ್ ಒಂದು ಸಲ ಬಂದು ಹೋಗಿದ್ದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ, ಛತ್ರಿ ಬಗಲಲ್ಲಿ. ಅವತ್ತು ಅವನು ನಮ್ಮಿಂದ ಹೊರಟು ಬಾಜೂ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದ. ಆ ಮನೆಯವಳು ಅವನೊಂದಿಗೆ ಬಹಳ ಹೊತ್ತು ಏನೋ ಹೇಳುತ್ತ ನಿಂತದ್ದನ್ನು ಆಯಿ ಹಳೆಯ ಮನೆಯ ಉಳಿದ ಕೋಣೆಯ ಕಿಟಕಿಯಿಂದ ನೋಡಿದಳು. ಆಯಿ ನೋಡಿದ್ದನ್ನು ಮರೆಯುವವಳಲ್ಲ.

ಆ ಬಾಜೂ ಮನೆಯವಳನ್ನು ನಾವು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಗಂಡ ಮಿಲಿಟರಿಯಲ್ಲಿದ್ದು ತೀರಿಕೊಂಡಿದ್ದ. ಮಗ ಊರಿಂದೂರಿಗೆ ಲಾರಿ ಹೊಡೆಯುತ್ತಿದ್ದ. ಅವಳದು ಹಳೆಯ ಹಂಚಿನ ಮನೆ, ಹಳೆಯ ಮನೆಗೆ ನಿಯಮ ಏನೂ ಕೇಳುತ್ತಿರಲಿಲ್ಲ. ಏನೂ ಕೊಡುತ್ತಲೂ ಇರಲಿಲ್ಲ. ನಮಗೂ ಅವಳಿಗೂ ನಡುವೆ ಒಂದೇ ಗೋಡೆ. ಅದನ್ನು ಕೆಡವುವಾಗ ಅಪ್ಪ ಅವಳ ಸೂರಿನ ತೊಲೆಗೆ ಸರಿಯಾಗಿ ಆಸರೆ ಕೊಡಲಿಲ್ಲ ಎಂದು ಒಂದು ದೊಡ್ಡ ಜಗಳ ಆಗಿಹೋಗಿತ್ತು.

ಕೊನೆಯ ತಪಾಸಣೆಯ ಹಿಂದಿನ ದಿನ ಬೇಸಿನ್ನು ಬಂತು. ಆಯಿ ಅದಾಗಲೇ ಆ ಕೋಣೆಯಲ್ಲಿ ಜಗಲಿ ಹೂಡಿ, ದೀಪ ಹಚ್ಚಿ, ವಿಭೂತಿ ಗಟ್ಟಿ ಇಟ್ಟುಬಿಟ್ಟಿದ್ದಳು. ಎಲ್ಲವನ್ನೂ ಒಂದು ದಿನದ ಮಟ್ಟಿಗೆ ಅಡಿಗೆಮನೆಗೆ ಸಾಗಿಸಿದೆವು. ಉಸುಕು ಸುರಿದು ಬೇಸಿನ್ನು ಕೂರಿಸುವಾಗ ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡು, "ಶಿವ ಶಿವಾ, ನಾಳಿ ಗೋಮೂತ್ರ ಹಾಕಿ ತೊಳೀರಿ," ಎನ್ನುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತು ಬೇಸಿನ್ನನ್ನೇ ನೋಡುತ್ತಿದ್ದಳು. ಬೆಳ್ಳಗೆ ಹೊಳೆಯುತ್ತಿತ್ತು ಅದು. ಒಂದು ಗಳಿಗೆ ಅದು ಖರೇ ಅಂತಲೇ ನನಗೂ ಅನಿಸಿಬಿಟ್ಟಿತು.

ಓವರ್‌ಸಿಯರ್ ಬಂದ. ಕಿಟಕಿ ನೋಡಿದ, ಸುತ್ತ ಬಿಟ್ಟ ಜಾಗ ಟೇಪು ಹಿಡಿದು ಅಳೆದ. ಈಶಾನ್ಯದ ಕೋಣೆಯ ಬಾಗಿಲು ತೆರೆದು ಇಣುಕಿದ. ಅಪ್ಪ, "ಬರ್ರಿ ಸಾಹೇಬ್ರ, ಕುಂದರ್ರಿ, ಚಾ ತಗೋರಿ," ಎಂದು ಹಿಂದೆಯೇ ನಿಂತಿದ್ದ. ಸಾಹೇಬ ಪೆನ್ನು ತೆಗೆದ. ತೆಗೆದವನು ಅದನ್ನು ಮತ್ತೆ ಜೇಬಿಗೆ ಸಿಕ್ಕಿಸಿ, "ಒಂದು ಕೊಡ ನೀರು ತರಸ್ರಿ," ಎಂದ.

ಅಪ್ಪನ ಮುಖದಲ್ಲಿ ರಕ್ತ ಇಂಗಿತು. ಓಣಿಯಲ್ಲಿ ಇಷ್ಟು ಮನೆಗಳಾಗಿದ್ದವು, ಒಂದರಲ್ಲೂ ಅವನು ನೀರು ಕೇಳಿದವನಲ್ಲ. "ಕುಡ್ಯಾಕರೀ?" ಎಂದು ಕೇಳಿದ ಅಪ್ಪ, ಪಾಪ.

"ಅಲ್ಲ. ಇದರಾಗ ಹಾಕಾಕ."

ಅವ್ವ ತುಂಬಿದ ಕೊಡ ತಂದಿಟ್ಟಳು. ಸಾಹೇಬ ತಾನೇ ಎತ್ತಿ ಸುರಿದ. ನೀರು ಬೇಸಿನ್ನಿನಲ್ಲಿ ಒಂದು ಸುತ್ತು ಹಾಕಿ ಕೆಳಗಿಳಿಯಿತು, ಆಮೇಲೆ ಉಸುಕನ್ನು ಕೊರೆದುಕೊಂಡು ಹೊಸ್ತಿಲ ಕೆಳಗಿಂದ ಪಡಸಾಲೆಗೆ ಹರಿದು ಬಂತು. ಬೇಸಿನ್ನು ಮೆಲ್ಲಗೆ ಒಂದು ಕಡೆ ವಾಲಿ ಕೂತಿತು. ಅಡಿಗೆಮನೆಯಿಂದ ಆಯಿ, "ನೀರ ದೇವರ ಕಡೆ ಬರಾಕ ಹತ್ತಾವೋ!" ಎಂದು ಚೀರಿದಳು.

ಸಾಹೇಬ ಚಕ್ಕೆ ಹಾರಿದ ಅಂಚಿನ ಮೇಲೆ ಛತ್ರಿಯ ತುದಿ ಇಟ್ಟು, "ಈ ಬೇಸಿನ್ನು ನನಗ ಹಳೇ ಪರಿಚಯ," ಎಂದ. "ಗುಂಡಿ ತೋಡಿಸಿ, ಪೈಪ ಹಾಕಿಸಿ, ಹೊಸಾದು ಕೂಡಸ್ರಿ. ಆಮ್ಯಾಲ ಕರೀರಿ. ಅಲ್ಲೀತನಕ ನಳ ಇಲ್ಲ." ಚಹಾ ಕುಡಿಯದೆ ಹೋದ.

ಆ ದಿನದಿಂದ ಮನೆಯಲ್ಲಿ ಒಂದೇ ಪ್ರಶ್ನೆ. ಯಾರು ಹೇಳಿದರು? ಅಪ್ಪ ಮೊದಲು ನಕ್ಷೆಯವನ ಮೇಲೆ ಸಂಶಯಪಟ್ಟ. ಅವನು ತನ್ನ ಹೊಟ್ಟೆಯ ಮೇಲೆ ತಾನೇ ಯಾಕೆ ಕಲ್ಲು ಹಾಕಿಕೊಂಡಾನು? ಬೇಸಿನ್ನು ಹೊತ್ತು ತಂದ ಸೈಕಲ್ಲಿನವನ ಮೇಲೆ ಪಟ್ಟ, ಎದುರು ಮನೆಯವರ ಮೇಲೆ ಪಟ್ಟ. ಕೊನೆಗೆ ಆಯಿ ತನ್ನ ಗಂಟು ಬಿಚ್ಚಿದಳು. "ಅಕೀನಽ. ಗ್ವಾಡಿ ಸಿಟ್ಟ ತೀರಿಸಿಕೊಂಡ್ಲು. ಅವತ್ತ ಸಾಹೇಬಗ ನೀರ ಕೊಟ್ಟು ಕಿವಿ ಊದಿದ್ದು ನನ್ನ ಕಣ್ಣಾರೆ ನೋಡೇನಿ." ಅಪ್ಪ ಆ ಹೊತ್ತಿಗೇ ಹೊರಗೆ ಹೋಗಿ, ಓಣಿಗೆಲ್ಲ ಕೇಳುವಂತೆ ಮಾವಶಿಯನ್ನು ಬಯ್ದ. ಅವಳು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ, ಇಲ್ಲ ಎನ್ನಲಿಲ್ಲ. "ಬಯ್ಯಿ ಬಾಬಾ, ಬಯ್ಯಿ. ಬಾಯಿ ನಿಂದು," ಎಂದಳು. ಇಲ್ಲ ಎನ್ನದ ಮೇಲೆ ಇನ್ನೇನು ಪುರಾವೆ ಬೇಕು ನಮ್ಮ ಮನೆಗೆ? ಮಾತುಕತೆ, ಹಬ್ಬದ ಹೋಳಿಗೆ, ಕುಂಕುಮ, ಎಲ್ಲವೂ ಬಂದಾಯಿತು.

ಅಪ್ಪ ಹಲ್ಲು ಕಡಿಯುತ್ತ ಗುಂಡಿ ತೋಡಿಸಿದ. ಹೊಸ ಬೇಸಿನ್ನು ಬಂತು, ಹಿತ್ತಿಲ ಕಡೆಗೆ ಬಾಗಿಲು ಬಂತು, ಒಳಗಿನಿಂದ ಹಾಕುವ ಚಿಲಕ ಬಂತು. ಆಯಿಯ ಜಗಲಿ ಅಡಿಗೆಮನೆಯಲ್ಲೇ ಉಳಿಯಿತು. ಮೊದಲ ದಿನ ಅವ್ವ ಆ ಬಾಗಿಲು ಹಾಕಿಕೊಂಡವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವತ್ತು ಮಧ್ಯಾಹ್ನದ ಊಟದ ಮೇಲೆ ಎರಡು ಚೆಂಬು ನೀರು ಗಟಗಟ ಕುಡಿದಳು. ನೋಡಿ ನನಗೆ ಅಳು ಬಂತು.

ಆದರೆ ಸಂಶಯ ಅಷ್ಟಕ್ಕೇ ಮಲಗಲಿಲ್ಲ. ಆಯಿಗೆ ನಸುಕಿನಲ್ಲೇ ಎಚ್ಚರ. ಒಂದು ದಿನ ಮಾವಶಿ ನಮ್ಮ ಹಿತ್ತಿಲಿನಲ್ಲಿ ಗೋಡೆ ಹತ್ತಿ ಇಳಿದುಹೋಗುವುದನ್ನು ಕಂಡೆ ಎಂದಳು. "ಮಾಟಾ ಮಾಡಾಕ ಬಂದಿದ್ಲು. ನಿಂಬಿಹಣ್ಣ ಹುಗದಾಳ ನೋಡ್ರಿ." ಅಪ್ಪ ಹಿತ್ತಿಲೆಲ್ಲ ಕೆದರಿದ, ನಿಂಬೆಹಣ್ಣು ಸಿಗಲಿಲ್ಲ. ಸಿಗದದ್ದಕ್ಕೆ ಅವನ ಅನುಮಾನ ಇನ್ನೂ ಬಲವಾಯಿತು. ಗೋಡೆಯ ನೆತ್ತಿಗೆ ಸಿಮೆಂಟು ಹಾಕಿ, ಉದ್ದಕ್ಕೂ ಒಡೆದ ಬಾಟಲಿಯ ಗಾಜು ನೆಡಿಸಿದ.

ಕೆಲವು ದಿನ ಬಿಟ್ಟು ನಾನು ಬಟ್ಟೆ ಒಣ ಹಾಕಲು ಹೋದಾಗ ನೋಡಿದೆ. ಹುಣಸೆ ಗಿಡದ ಮರೆಯಲ್ಲಿ ಗೋಡೆಯ ಮೇಲೆ ಒಂದು ಮೊಳದಷ್ಟು ಗಾಜೇ ಇಲ್ಲ. ನುಣ್ಣಗೆ ಒಡೆದು ತೆಗೆದಿದ್ದರು. ಅದರ ಮೇಲೆ ಮಡಿಸಿದ ಗೋಣಿ ತಟ್ಟು ಬೇರೆ, ನಮ್ಮ ಅಂಗಡಿಯದೇ.

"ಅವ್ವಾ, ಇಲ್ಲಿ ಗಾಜ ಎಲ್ಲಿ ಹೋತು?"

"ಬೆಕ್ಕ ಕೆಡವಿರಬೇಕು," ಎಂದಳು ಅವ್ವ, ತಲೆ ಎತ್ತದೆ.

ಗಾಜು ಕೆಡವಿ ಗೋಣಿ ಹಾಸುವ ಬೆಕ್ಕನ್ನು ನಾನು ಕಂಡಿಲ್ಲ. ಅವ್ವ ಮಾವಶಿಗೆ ಗುಟ್ಟಾಗಿ ಏನೋ ಸಾಗಿಸುತ್ತಾಳೆ ಅಂದುಕೊಂಡೆ, ಬೆಲ್ಲವೋ ಜೋಳವೋ. ನಮ್ಮ ಮೇಲೆ ಚಾಡಿ ಹೇಳಿದವಳಿಗೆ ಜೋಳ! ಇಂಥ ಮೆತ್ತನೆಯ ಜೀವ ಯಾಕೆ ಹುಟ್ಟಿತೋ ಎಂದು ಒಳಗೊಳಗೇ ಅವ್ವನ ಮೇಲೆ ಹರಿಹಾಯ್ದೆ. ಅಪ್ಪನಿಗೆ ಮಾತ್ರ ಹೇಳಲಿಲ್ಲ.

ಆಮೇಲೆ ನನ್ನ ಮದುವೆಯಾಯಿತು. ಗಂಡ ಖಾನಾಪುರದಲ್ಲಿ ಒಂದು ಹಂಚಿನ ಕಾರ್ಖಾನೆಯ ನೌಕರ, ಒಳ್ಳೆಯ ಮನುಷ್ಯ, ಆದರೆ ಪ್ರತಿ ಕೆಲಸವನ್ನೂ ನಾಳೆಗೆ ತಳ್ಳುವವನು. ಎಂಬತ್ತರ ದಶಕದಲ್ಲಿ ನಾವೂ ಒಂದು ಸಣ್ಣ ಮನೆ ಹಾಕಿದೆವು. ಅಲ್ಲಿಯೂ ಆ ಹೊತ್ತಿಗೆ ಅದೇ ನಿಯಮ ಬಂದಿತ್ತು. ನಮ್ಮ ಜಾಗದಲ್ಲಿ ಒಂದು ಮೊಳದ ಕೆಳಗೆ ಕೆಂಪು ಕಲ್ಲು, ಗುಂಡಿ ತೋಡುವುದು ಸುಲಭವಲ್ಲ. ನಾನು ತವರಿಗೆ ಹೋಗಿ ಅವ್ವನನ್ನು ಕರೆದುಕೊಂಡು ಬರುವಷ್ಟರಲ್ಲಿ ಪಾಯಖಾನೆ ತಯಾರಾಗಿತ್ತು. ಹೊಸ ಬೇಸಿನ್ನು, ಅಚ್ಚುಕಟ್ಟು ಸಿಮೆಂಟು, ಹಿಂದಕ್ಕೆ ಹೋಗುವ ಪೈಪು.

ನೋಡಿದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. "ಗುಂಡಿ ತೋಡಿದ ಮಣ್ಣ ಎಲ್ಲಿ?" ಎಂದು ಕೇಳಿದೆ.

"ಕಾರಖಾನಿಗೆ ಒಯ್ದ್ರು. ಹಂಚ ಮಾಡಾಕ."

"ಕಲ್ಲೂ ಒಯ್ದ್ರೇನು, ಹಂಚ ಮಾಡಾಕ?"

"ಎಷ್ಟ ಸಂಶಾ ನಿಂದು! ಮಳಿ ಮುಗೀಲಿ, ಎಲ್ಲಾ ಮಾಡಿಸೂಣು," ಎಂದು ನಕ್ಕ. ಅವ್ವ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಕಚೇರಿಯಿಂದ ತಪಾಸಣೆಯವನು ಬಂದ. ಇನ್ನೂ ಮೀಸೆ ಸರಿಯಾಗಿ ಬಲಿಯದ ತರುಣ. ಬೇಸಿನ್ನು ನೋಡಿ, "ಛಲೋ ಮಾಡೀರಿ," ಎಂದು ಪೆನ್ನು ತೆಗೆದ. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ತಲೆಯ ಮೇಲೆ ಸೆರಗು, ಸೊಂಟದಲ್ಲಿ ತುಂಬಿದ ಕೊಡ. ಪರಗಂಡಸಿನ ಎದುರು ನಿಂತು ಮಾತಾಡಿದವಳಲ್ಲ ನನ್ನ ಅವ್ವ. ಕೊಡವನ್ನು ಅವನ ಕಾಲ ಬಳಿ ಇಟ್ಟು, "ಸಾಹೇಬ್ರ, ಇದರಾಗ ಒಂದ ಕೊಡ ನೀರ ಹಾಕಿ ನೋಡ್ರಿ," ಎಂದಳು.

ಅನಗೋಳದ ಪಡಸಾಲೆ, ಛತ್ರಿ, ಹೊಸ್ತಿಲ ಕೆಳಗಿಂದ ಬಂದ ನೀರು, ಎಲ್ಲವೂ ಕಣ್ಣ ಮುಂದೆ ಬಂತು. ಈ ಮಾತು ಹುಟ್ಟಿದ್ದು ಎಲ್ಲಿ ಎಂದು ನನಗೆ ಗೊತ್ತಾಗಿಹೋಯಿತು.

ನೀರು ಹಾಕಿದರು. ಒಂದಷ್ಟು ಇಳಿಯಿತು, ಆಮೇಲೆ ಗುಡುಗುಡು ಎಂದು ತಿರುಗಿ ಮೇಲೆ ಬಂದು ನಿಂತಿತು. ಪೈಪಿನ ಆಚೆ ತುದಿ ಕೆಂಪು ಕಲ್ಲಿಗೆ ಮುಖ ಕೊಟ್ಟು ಮುಗಿದಿತ್ತು. ತರುಣ ಕೆಮ್ಮಿ, ಪೆನ್ನಿನ ಟೊಪ್ಪಿಗೆ ಹಾಕಿ, "ಗುಂಡಿ ಆದ ಮ್ಯಾಲ ಹೇಳಿಕಳಸ್ರಿ," ಎಂದು ಹೊರಟ. ಗಂಡನ ಮುಖ ಹಂಚಿನ ಬಣ್ಣಕ್ಕೆ ತಿರುಗಿತು. "ಅತ್ತಿಯವರ, ಮಂದಿ ಮುಂದ ನನ್ನ ಮಾನ ಕಳದ್ರಿ," ಎಂದ.

"ನಿಮ್ಮ ಮಾನ ಒಂದ ಕೊಡ ನೀರಿಗೆ ಹೋಗತೈತಿ," ಎಂದು ನಾನು ಎಗರಿದೆ. "ನಮ್ಮದು ದಿನಾ ಹೊಲದಾಗ ಹೋಗತಿತ್ತು. ಯಾರರೆ ಕೇಳೀರೇನು?" ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆ ವಾರವೇ ಸುತ್ತಿಗೆ, ಸಬಲು ಹಿಡಿದವರು ಬಂದರು, ಅದು ಬೇರೆ ಮಾತು.

ಸಂಜೆ ಹಿತ್ತಿಲಿನಲ್ಲಿ ಅವ್ವನನ್ನು ಹಿಡಿದು ಕೂರಿಸಿದೆ. "ಅವತ್ತ ಅನಗೋಳದಾಗ ಹೇಳಿದಾಕಿ ನೀನಽ, ಹೌದಲ್ಲ?"

"ಹೇಳಿದಾಕಿ ಮಾವಶಿ. ಹೇಳಿಸಿದಾಕಿ ನಾನು," ಎಂದಳು ಅವ್ವ. "ನಿಮ್ಮ ಆಯಿ ಕಣ್ಣ ತಪ್ಪಿಸಿ ನಾ ಸಾಹೇಬನ ಕೂಡ ಹ್ಯಾಂಗ ಮಾತಾಡ್ಲಿ? ಅಕಿ ಮಾತಾಡಿದ್ಲು. ನೀರ ಹಾಕಿ ನೋಡಲಿಲ್ಲಂದ್ರ ಆ ಬೇಸಿನ್ನ ತಂದು ನಿಮ್ಮ ಕಚೇರಿ ಮುಂದ ಇಡ್ತೀನಿ ಅಂತ ಹೆದರಿಸಿದ್ಲಂತ. ಅಕಿ ಮನಿಗೆ ಯಾವ ಕಾಯ್ದೆನೂ ಇಲ್ಲ, ಹಳೇದು. ಹೊಸಾದು ಕಟ್ಟಾಕ ಆಗೂದಿಲ್ಲ. ನಮ್ಮದ ಆದ್ರ ಅಕೀನೂ ಬರ್ಲಿ ಅಂತ ಮಾತಾಗಿತ್ತು."

"ಮತ್ತ ಅಷ್ಟ ಬೈಸಿಕೊಂಡ್ಲಲ್ಲ?"

"ನಾ ಹೇಳ್ತೀನಿ ಅಂದೆ. ಅಕಿನಽ ಬ್ಯಾಡ ಅಂದ್ಲು. ನೀ ಆ ಮನ್ಯಾಗ ಬಾಳೇ ಮಾಡಬೇಕು, ನನಗೇನು, ಕಿವಿ ಐತಿ, ಕೇಳತೈತಿ ಅಂದ್ಲು." ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಅಕಿ ಮೊಣಕಾಲ ಹೋಗ್ಯಾವ. ಗ್ವಾಡಿ ಏರಾಕ ಬರೂದಿಲ್ಲ. ಮತ್ತ ಮೊದಲಿನಂಗ ಚೆಂಬು ಹಿಡಕೊಂಡು ರೈಲ್ವೆ ಹಳಿ ಕಡೆ ಹೋಗ್ತಾಳ. ಈ ವಯಸ್ಸಿಗೆ! ನಾ ಚಿಲಕ ಹಾಕೊಂಡು ಒಳಗ ಕುಂದರತೀನಿ. ನನ್ನ ಹೊಟ್ಟಿಗೆ ಬೆಂಕಿ ಬಿದ್ದಂಗ ಆಗತೈತಿ."

ಅವ್ವ ತಿರುಗಿ ಹೊರಟಾಗ ರೈಲಿನಲ್ಲಿ ನಾನೇ ಅವಳನ್ನು ಬಿಡಲು ಬೆಳಗಾವಿಗೆ ಹೋದೆ. ಹೇಳಿಬಿಡಬೇಕು, ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಳು. ಇವಳಿಂದ ಆಗುವ ಕೆಲಸವಲ್ಲ ಅಂದುಕೊಂಡೆ.

ಅಪ್ಪ ಪಡಸಾಲೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ. ವಯಸ್ಸಾಗಿತ್ತು, ಅಂಗಡಿ ಬಿಟ್ಟಿದ್ದ. ಯಾರೋ ನೆಂಟರೊಡನೆ, "ಈ ಓಣ್ಯಾಗ ಮೊದಲ ಪಾಯಖಾನಿ ಕಟ್ಟಿಸಿದಾಂವ ನಾ. ಮಂದಿಗೆ ಆವಾಗ ಬುದ್ಧಿನಽ ಇರಲಿಲ್ಲ," ಎಂದು ಹೇಳುತ್ತಿದ್ದ. ಆ ಧೈರ್ಯವನ್ನು ಏನೆನ್ನಬೇಕು! ಒಳಗೆ ಆಯಿ ಮಂಚದ ಮೇಲೆ. ಅವಳಂತೂ ಆ ಪಾಯಖಾನೆಗೆ ಹೋಗದೆ ಪೂಜೆಗೇ ಕೂರುತ್ತಿರಲಿಲ್ಲ.

ನೆಂಟರು ಎದ್ದು ಹೋದರು. ಸೂರ್ಯ ಮುಳುಗುತ್ತಿದ್ದ. ಮಾವಶಿ ಮನೆಯಿಂದ ಹೊರಬಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೆರಗಿನ ಮರೆಗೆ ಚೆಂಬು. ಒಂದೊಂದು ಹೆಜ್ಜೆಗೂ ನಿಂತು ನಿಂತು ನಡೆಯುತ್ತಿದ್ದಳು. ಅಪ್ಪ ಬಾಯಿಗೆ ಎಲೆ ಹಾಕಿಕೊಳ್ಳುತ್ತ, "ಹೊಂಟ್ಲು ನೋಡು ಚಾಡಿಖೋರಿ," ಎಂದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅವನ ಎದುರು ಬಂದು ನಿಂತಳು.

"ಚಾಡಿ ಹೇಳಿಸಿದಾಕಿ ನಾನು," ಎಂದಳು.

ಅಪ್ಪ ಎಲೆ ಹಿಡಿದ ಕೈ ಹಾಗೇ ಬಿಟ್ಟ. "ಏನಂದಿ?"

"ನೀರ ಹಾಕಿ ನೋಡ್ರಿ ಅಂತ ಸಾಹೇಬಗ ಹೇಳಿಸಿದಾಕಿ ನಾನು. ನೀವು ಕಟ್ಟಸತಿರಲಿಲ್ಲ, ಅದಕ್ಕ ಹೇಳಿಸಿದೆ. ಬೈಸಿಕೊಂಡಾಕಿ ಅಕಿ." ಅವ್ವ ಓಣಿಯತ್ತ ಕೈ ತೋರಿಸಿದಳು. "ಇಷ್ಟ ವರ್ಷ ನೀವು ಬಯ್ಯೂದನ್ನ ಒಳಗ ನಿಂತ ಕೇಳೇನಿ. ಸಾಕಾತು ನನಗ."

ಅಪ್ಪ ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅವ್ವನನ್ನು ನೋಡಿದ. ಅವನ ತಲೆಯೊಳಗೆ ಎಷ್ಟು ವರ್ಷದ ಲೆಕ್ಕ ತಿರುಗಿ ಬೀಳುತ್ತಿತ್ತೋ. ಕೊನೆಗೆ ಕೇಳಿದ್ದು ಇಷ್ಟು: "ಮತ್ತ ಗ್ವಾಡಿ ಮ್ಯಾಲಿನ ಗಾಜು?"

"ಅದೂ ನಾನಽ ಒಡದೆ. ಒಳಕಲ್ಲ ಗುಂಡ ತಗೊಂಡು."

ಒಳಗಿನಿಂದ ಆಯಿಯ ಧ್ವನಿ ಬಂತು. "ಹಂಗಾರ ಅಕಿ ಮಾಟಾ ಮಾಡಾಕ ಬರತಿರಲಿಲ್ಲೇನು?"

"ಇಲ್ಲರಿ ಅತ್ತಿ. ಅಕೀನೂ ನಮ್ಮಂಗ ಹೆಣಮಗಳು. ಅದಕ್ಕ ಬರತಿದ್ಲು," ಎಂದಳು ಅವ್ವ.

ಅವ್ವ ಮೆಟ್ಟಿಲಿಳಿದು ಓಣಿಗೆ ಹೋದಳು. ಮಾವಶಿ ಇನ್ನೂ ಎದುರು ಮನೆಯ ಕಟ್ಟೆಯನ್ನೂ ದಾಟಿರಲಿಲ್ಲ. ಅವ್ವ ಅವಳ ಕೈಯಿಂದ ಚೆಂಬು ಇಸಿದುಕೊಂಡಳು. ಮಾವಶಿ ಗಾಬರಿಯಿಂದ ನಮ್ಮ ಬಾಗಿಲ ಕಡೆ ನೋಡಿ, "ನಕೋ ಗ ಬಾಯಿ, ಬ್ಯಾಡ, ನಿನ್ನ ಮಾಲಕ ಕುಂತಾರ," ಎಂದಳು. ಅವ್ವ ಕೇಳಲಿಲ್ಲ, ತೋಳು ಹಿಡಿದು ಕರೆದುಕೊಂಡು ಬಂದಳು. ಗೋಡೆಯ ಕಡೆಗಲ್ಲ, ಮುಂಬಾಗಿಲಿಗೆ. ಇಬ್ಬರೂ ಮೆಟ್ಟಿಲು ಹತ್ತಿ ಹೊಸ್ತಿಲ ಬಳಿ ನಿಂತರು, ನಡುವೆ ಅಪ್ಪನ ಕಾಲು. ಮಾವಶಿ ತಲೆ ತಗ್ಗಿಸಿದ್ದಳು. ಅವ್ವ ತಗ್ಗಿಸಲಿಲ್ಲ.

ಅಪ್ಪ ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟ.